ಗಾಥೆಯೊಡನೆ ದಾಟುವುದೇನು?

1951ರಲ್ಲಿ ಶಾಂತಿನಿಕೇತನದ ವಿಶ್ವಭಾರತಿ 'ಅರ್ಥಪದ ಸೂತ್ರ' ಎಂಬ ಪುಸ್ತಕವನ್ನು ಹೊರತಂದಿತು. ಮೂರನೆಯ ಶತಮಾನದಲ್ಲಿ, ಚೀನಾದ ವೂ ರಾಜ್ಯದಲ್ಲಿ, ಝಿ ಛಿಯೆನ್ ಎಂಬ ಅನುವಾದಕ ಚೀನೀ ಭಾಷೆಗೆ ತಿರುಗಿಸಿದ್ದ ಬೌದ್ಧ ಗ್ರಂಥವದು. ಅದನ್ನು ಇಂಗ್ಲಿಷಿಗೆ ತಂದು, ಪಾಳಿಯ ಜೊತೆಗಿಟ್ಟು ಸಾಲುಸಾಲಾಗಿ ತಾಳೆ ನೋಡಿದವರು ಪುಣೆಯ ಫರ್ಗ್ಯೂಸನ್ ಕಾಲೇಜಿನ ಪಾಳಿ ಪ್ರಾಧ್ಯಾಪಕ ಪುರುಷೋತ್ತಮ ವಿಶ್ವನಾಥ ಬಾಪಟ್. ಅದಕ್ಕೂ ಬಹಳ ಹಿಂದೆ, 1924ರಲ್ಲೇ, ಅವರು ಪುಣೆಯಿಂದ 'ಸುತ್ತನಿಪಾತ'ವನ್ನು ನಾಗರಿ ಲಿಪಿಯಲ್ಲಿ ಸಂಪಾದಿಸಿ ಪ್ರಕಟಿಸಿದ್ದರು. ಝಿ ಛಿಯೆನ್ ಅನುವಾದಿಸಿದ ಗ್ರಂಥಕ್ಕೆ ಸಮನಾದ ಪಾಳಿ ಪಾಠವಿರುವುದು ಅದೇ 'ಸುತ್ತನಿಪಾತ'ದಲ್ಲಿ, 'ಅಟ್ಠಕವಗ್ಗ' ಎಂಬ ಭಾಗದಲ್ಲಿ. ಹದಿನಾರು ಸುತ್ತಗಳು, ಇನ್ನೂರಹತ್ತು ಗಾಥೆಗಳು.

ಬೌದ್ಧ ಸಾಹಿತ್ಯದ ತೀರ ಹಳೆಯ ಪದರಗಳಲ್ಲಿ ಅಟ್ಠಕವಗ್ಗವೂ ಒಂದು ಎಂದು ವಿದ್ವಾಂಸರು ಹೇಳುತ್ತಾರೆ. ಅದರ ಉಪದೇಶ ಸರಳ, ಆದರೆ ಕಠಿಣ. ಯಾವ ಮತಕ್ಕೂ ಅಂಟಿಕೊಳ್ಳಬೇಡ. ನನ್ನದೇ ಶುದ್ಧ, ಉಳಿದವರದು ಸುಳ್ಳು ಎಂಬ ವಾದಕ್ಕೆ ಇಳಿಯಬೇಡ. ಮುನಿಯಾದವನು ಕಂಡದ್ದನ್ನು, ಕೇಳಿದ್ದನ್ನು, ಎಣಿಸಿದ್ದನ್ನು ಎದೆಗೆ ಅವಚಿಕೊಂಡು ಕೂರುವುದಿಲ್ಲ. ಇಂಥ ಮಾತು ನಮಗೆ ಬಂದಿರುವುದು ಪದ್ಯದಲ್ಲಿ. ಅಕ್ಷರಕ್ಕೆ ಅಕ್ಷರ ಲೆಕ್ಕವಿಟ್ಟು ಕಟ್ಟಿದ, ಒಂದು ಮಾತ್ರೆ ಜಾರಿದರೂ ಕಿವಿಗೆ ಗೊತ್ತಾಗುವ ಪದ್ಯದಲ್ಲಿ. ಯಾವುದಕ್ಕೂ ಅಂಟಬೇಡ ಎನ್ನುವ ಉಪದೇಶ ತನ್ನ ಛಂದಸ್ಸಿಗೆ ಅಂಟಿಕೊಂಡಿದೆಯೇ? ಆ ಛಂದಸ್ಸನ್ನು ಕಳಚಿ ಇನ್ನೊಂದು ಭಾಷೆಯ ಕಟ್ಟಿಗೆ ಹಾಕಿದರೆ ಉಳಿಯುವುದು ಅದೇ ಧರ್ಮವೋ ಬೇರೆಯದೋ? ಭಾಷೆ ಬಲ್ಲವರಷ್ಟೇ ಅಲ್ಲ, ಧರ್ಮವನ್ನು ನಂಬಿ ಬದುಕುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಈ ಪ್ರಶ್ನೆಗೆ ಪುಣೆಯಂಥ ಜಾಗ ಇನ್ನೊಂದಿಲ್ಲ. ಇದೇ ಊರಿನಲ್ಲಿ 1928ರಲ್ಲಿ ವೈದಿಕ ಸಂಶೋಧನ ಮಂಡಳ ಹುಟ್ಟಿತು. ಸಾಯಣ ಭಾಷ್ಯದೊಡನೆ ಋಗ್ವೇದವನ್ನು ಸಂಪುಟ ಸಂಪುಟವಾಗಿ ಹೊರತಂದಿತು. ಸಾಯಣ ನಮ್ಮ ವಿಜಯನಗರದವನು. ಬುಕ್ಕರಾಯನ ಆಶ್ರಯದಲ್ಲಿ ಬರೆದವನು. ವೇದಪಾಠದ ಪರಂಪರೆಗೆ ಶಬ್ದವೇ ಸರ್ವಸ್ವ. ಮೀಮಾಂಸಕರ ಪ್ರಕಾರ ವೇದ ಯಾರೂ ಮಾಡಿದ್ದಲ್ಲ. ಅದರ ಪದಗಳ ಅನುಕ್ರಮವನ್ನು ಕದಲಿಸಿದರೆ ಅದು ವೇದವಾಗಿ ಉಳಿಯುವುದಿಲ್ಲ. ಉದಾತ್ತ, ಅನುದಾತ್ತ, ಸ್ವರಿತಗಳಲ್ಲಿ ಒಂದು ತಪ್ಪಿದರೂ ಫಲ ತಪ್ಪುತ್ತದೆ. ಪದ, ಕ್ರಮ, ಜಟೆ, ಘನ ಎಂದು ಮಂತ್ರವನ್ನು ಹಿಂದೆ ಮುಂದೆ ಹೆಣೆದು ಬಾಯಿಪಾಠ ಮಾಡಿಸುವುದು ಒಂದೇ ಒಂದು ಉಚ್ಚಾರವೂ ಕಳೆಯದಿರಲೆಂದು. ಅರ್ಥ ತಿಳಿಯದೆ ವೇದ ಕಲಿತವನನ್ನು ನಿರುಕ್ತಕಾರ ಯಾಸ್ಕ ಹೊರೆ ಹೊತ್ತ ಕಂಬವೆಂದು ಜರೆದದ್ದುಂಟು. ಆದರೂ ಅರ್ಥವನ್ನು ಬೇರೆ ಭಾಷೆಯಲ್ಲಿ ಹೇಳಿದರೆ ಅದು ವ್ಯಾಖ್ಯಾನವಾದೀತೇ ಹೊರತು ಮಂತ್ರವಾಗದು.

ಬುದ್ಧ ಇದಕ್ಕೆ ಬೇರೆ ಉತ್ತರ ಕೊಟ್ಟ. ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಬ್ರಾಹ್ಮಣ ಹುಟ್ಟಿನ, ಸೊಗಸಾಗಿ ಮಾತನಾಡುವ ಇಬ್ಬರು ಅಣ್ಣತಮ್ಮಂದಿರು ಭಿಕ್ಷುಗಳಾಗಿದ್ದರು. ನಾನಾ ಕುಲದ, ನಾನಾ ಸೀಮೆಯ ಭಿಕ್ಷುಗಳು ಬುದ್ಧವಚನವನ್ನು ತಮ್ಮ ತಮ್ಮ ನುಡಿಯಲ್ಲಿ ಹೇಳಿ ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿಗೆ ಏರಿಸಿಬಿಡೋಣ ಎಂದು ಅವರು ಕೇಳಿಕೊಂಡರು. ಬುದ್ಧ ಗದರಿಕೊಂಡ, ಹಾಗೆ ಮಾಡುವುದು ದೋಷವೆಂದು ವಿಧಿಸಿದ. ಅಲ್ಲಿ ಛಂದಸ್ಸೆಂದರೆ ವೇದದ ಭಾಷೆಯೋ ವೃತ್ತವೋ ಎಂಬ ಚರ್ಚೆ ಇನ್ನೂ ಇದೆ. ಜನ ತಂತಮ್ಮ ನುಡಿಯಲ್ಲೇ ಕಲಿಯಲಿ ಎಂಬ ಅವನ ಅಪ್ಪಣೆಯನ್ನು ಥೇರವಾದದ ವ್ಯಾಖ್ಯಾನಕಾರರು ಮುಂದೆ ಮಾಗಧಿಯೊಂದಕ್ಕೇ ಕಟ್ಟಿಹಾಕಿ ಓದಿದ್ದೂ ಉಂಟು. ಹಾಗೆಂದು ಬುದ್ಧನಿಗೆ ಧ್ವನಿಯ ಮೇಲೆ ಹಗೆಯಿರಲಿಲ್ಲ. ಧರ್ಮವನ್ನು ಹಾಡಿನಂತೆ ರಾಗ ಎಳೆದು ಹೇಳಬಾರದೆಂದ. ಸ್ವರವಿಟ್ಟು ಪಠಿಸುವುದಕ್ಕೆ ಒಪ್ಪಿದ. ಅವಂತಿಯಿಂದ ಬಂದ ಸೋಣನೆಂಬ ತರುಣ ಭಿಕ್ಷು ಒಂದು ಬೆಳಗಿನ ಜಾವ ಅಟ್ಠಕವಗ್ಗವನ್ನೇ ಅವನೆದುರು ಪಠಿಸಿದಾಗ, ಉಚ್ಚಾರ ಸ್ಪಷ್ಟವಾಗಿದೆ, ಅರ್ಥ ತಿಳಿಯುವಂತಿದೆ ಎಂದು ಮೆಚ್ಚಿಕೊಂಡ. ಮಾತು ಇಂಪಾಗಿರಲಿ, ಆದರೆ ಇಂಪೇ ಧರ್ಮವೆಂದು ಮೋಸಹೋಗಬೇಡಿ ಎಂಬುದು ಅವನ ನಿಲುವು.

ಒಂದೇ ಕಾಲೇಜಿನ ಕಟ್ಟೆಯ ಮೇಲೆ ಇಂಥ ಪ್ರಶ್ನೆಗಳು ಹೇಗೆ ಒಟ್ಟುಗೂಡಿದವೆಂಬುದೇ ಒಂದು ಸೊಗಸಾದ ಕಥೆ. ಗೋವೆಯಲ್ಲಿ ಹುಟ್ಟಿ, ಸಿಂಹಳಕ್ಕೆ ಹೋಗಿ ಪಾಳಿ ಕಲಿತು ಬಂದ ಧರ್ಮಾನಂದ ಕೋಸಂಬಿ 1912ರಿಂದ 1918ರವರೆಗೆ ಫರ್ಗ್ಯೂಸನ್ನಿನಲ್ಲಿ ಪಾಳಿ ಕಲಿಸಿದರು. ಬಾಪಟ್ ಕೋಸಂಬಿಯವರ ಶಿಷ್ಯರು. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅದೇ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದ್ದೂ ಅದೇ ಕಾಲ. ಜಮಖಂಡಿಯ ರಾಮಚಂದ್ರ ದತ್ತಾತ್ರೇಯ ರಾನಡೆ ಅಲ್ಲೇ ತತ್ತ್ವಶಾಸ್ತ್ರ ಹೇಳುತ್ತಿದ್ದರು. ಕನ್ನಡ, ಮರಾಠಿ, ಹಿಂದಿ ಸಂತರ ಮಾತುಗಳಲ್ಲಿ ಒಂದೇ ಅನುಭವವನ್ನು ಹುಡುಕುತ್ತ ರಾನಡೆಯವರು ಕೊನೆಯವರೆಗೆ ನಡೆದರು. ಬೇಂದ್ರೆಯವರು ನಾದವನ್ನು ಬಿಟ್ಟು ಕಾವ್ಯವಿಲ್ಲ ಎಂಬ ದಾರಿಯಲ್ಲಿ ನಡೆದರು. ಅರ್ಥವೇ ದಾಟುತ್ತದೆಯೆಂಬ ನಂಬಿಕೆ, ನಾದವನ್ನು ಬಿಟ್ಟರೆ ಏನೂ ಇಲ್ಲವೆಂಬ ನಂಬಿಕೆ, ಎರಡೂ ಒಂದೇ ಅಂಗಳದಲ್ಲಿ ಬೆಳೆದವು. ಬಾಪಟ್ ಹಿಡಿದದ್ದು ಇನ್ನೊಂದು ಕೆಲಸ. ನಿಜಕ್ಕೂ ದಾಟಿದ ಒಂದು ಪುಸ್ತಕವನ್ನು ಎತ್ತಿಕೊಂಡು, ಏನು ದಾಟಿದೆ, ಏನು ಈಚೆ ದಡದಲ್ಲೇ ಉಳಿದಿದೆ ಎಂದು ಎಣಿಸುವ ಕೆಲಸ.

ಎಣಿಕೆಯೆಂದರೆ ಹೇಗೆ? ಅಟ್ಠಕವಗ್ಗದ ಮೊದಲನೆಯ ಸುತ್ತ 'ಕಾಮಸುತ್ತ'. ಅದರ ಮೊದಲ ಗಾಥೆ ಅನುಷ್ಟುಭ್. ಎಂಟಕ್ಷರದ ನಾಲ್ಕು ಪಾದ, ಒಟ್ಟು ಮೂವತ್ತೆರಡು ಅಕ್ಷರ. ಝಿ ಛಿಯೆನ್ ಅದನ್ನು ನಾಲ್ಕಕ್ಷರದ ನಾಲ್ಕು ಪಾದಕ್ಕೆ ಇಳಿಸಿದ, ಒಟ್ಟು ಹದಿನಾರು. ಸರಿಯಾಗಿ ಅರ್ಧ. ಚೀನಿಯಲ್ಲಿ ಒಂದು ಅಕ್ಷರವೆಂದರೆ ಒಂದು ಉಚ್ಚಾರ, ಬಹಳ ಸಲ ಅದೇ ಒಂದು ಇಡೀ ಪದ. ವಿಭಕ್ತಿಯಿಲ್ಲ, ಲಿಂಗವಚನಗಳಿಲ್ಲ, ಕ್ರಿಯಾಪದಕ್ಕೆ ಕಾಲದ ಪ್ರತ್ಯಯವಿಲ್ಲ. ಪಾಳಿಯಲ್ಲಿ ಮೂರು ನಾಲ್ಕು ಉಚ್ಚಾರ ತಿನ್ನುವ ಪ್ರತ್ಯಯಗಳೆಲ್ಲ ಇಲ್ಲಿ ಉದುರಿಹೋಗುತ್ತವೆ. ಯಾರು ಬಯಸಿದರು, ಒಬ್ಬನೋ ಹಲವರೋ ಎಂಬುದನ್ನು ಓದುವವನೇ ತುಂಬಿಕೊಳ್ಳಬೇಕು. ಅರ್ಥವೂ ತುಸು ಹೊರಳಿದೆ. ಬಯಸಿದ್ದು ಕೈಗೂಡಿದವನು ಹಿಗ್ಗುತ್ತಾನೆ ಎಂಬಷ್ಟೇ ಪಾಳಿಯ ತಾತ್ಪರ್ಯ. ಚೀನಿಯಲ್ಲಿ ಸಿಕ್ಕಮೇಲೂ ಮತ್ತೆ ಬೇಕೆನ್ನುವ ಹಪಾಹಪಿ ಸೇರಿಕೊಂಡಿದೆ. ಮುಂದಿನ ಸುತ್ತಗಳಲ್ಲಿ ಆರಕ್ಷರದ ಪಾದಗಳೂ ಬರುತ್ತವೆ. ಚೀನೀ ಕಾವ್ಯದಲ್ಲಿ ಆರಕ್ಷರ ಅಪರೂಪ. ಪಾಳಿಯ ತ್ರಿಷ್ಟುಭದಂಥ ಉದ್ದ ಪಾದಗಳನ್ನು ಹಿಡಿಸಲು ಅನುವಾದಕ ಪಟ್ಟ ಪಾಡು ಅಲ್ಲಿ ಎದ್ದು ಕಾಣುತ್ತದೆ.

ನಾಲ್ಕಕ್ಷರದ ಪಾದವನ್ನು ಆರಿಸಿದ್ದು ಆಕಸ್ಮಿಕವಲ್ಲ. ಚೀನೀಯರ ಅತ್ಯಂತ ಹಳೆಯ ಪದ್ಯಸಂಕಲನ 'ಷಿ ಜಿಂಗ್'. ಅದರ 305 ಪದ್ಯಗಳಲ್ಲಿ ಬಹುಪಾಲು ನಾಲ್ಕಕ್ಷರದ ಪಾದದವು. ಕನ್‌ಫ್ಯೂಶಿಯಸ್ ಪರಂಪರೆಗೆ ಅದು ಶಾಸ್ತ್ರಗ್ರಂಥ. ನಾಲ್ಕಕ್ಷರವೆಂದರೆ ಗಾಂಭೀರ್ಯ, ಹಳಮೆ, ಪೂಜೆ. ಝಿ ಛಿಯೆನ್‌ನ ಕಾಲಕ್ಕೆ ಐದಕ್ಷರದ ಪಾದ ಕವಿಗಳ ಪ್ರೀತಿ ಗಳಿಸುತ್ತಿತ್ತು. ಏಳಕ್ಷರದ್ದು ಇನ್ನೂ ಅಂಬೆಗಾಲಿಡುತ್ತಿತ್ತು. ಹೊರಗಿನಿಂದ ಬಂದ ಧರ್ಮಕ್ಕೆ ಅವನು ಊರಿನ ಅತಿ ಹಿರಿಯ ಉಡುಪನ್ನೇ ತೊಡಿಸಿದ. ಆದರೆ ಒಂದನ್ನು ಬಿಟ್ಟ: ಪ್ರಾಸ. ಚೀನೀ ಪದ್ಯಕ್ಕೆ ಪಾದಾಂತ್ಯದ ಪ್ರಾಸ ಹಳೆಯ ಕನ್ನಡ ಕಾವ್ಯದ ದ್ವಿತೀಯಾಕ್ಷರ ಪ್ರಾಸದಷ್ಟೇ ಕಡ್ಡಾಯವಾಗಿತ್ತು. ಅನುವಾದಿತ ಗಾಥೆಗಳು ಸಾಮಾನ್ಯವಾಗಿ ಅದನ್ನು ಪಾಲಿಸಲಿಲ್ಲ. ಕಣ್ಣಿಗೆ ಪದ್ಯ, ಕಿವಿಗೆ ಪದ್ಯವಲ್ಲ ಎಂಬ ಈ ಹೊಸ ರೂಪವನ್ನು ಚೀನೀ ಓದುಗ ನೋಡಿದೊಡನೆ ಇದು ಬುದ್ಧವಚನವೆಂದು ಗುರುತಿಸುತ್ತಿದ್ದ.

ಇದರ ಬಗ್ಗೆ ಆಗಲೇ ಜಗಳವೂ ನಡೆಯಿತು. 224ರಲ್ಲಿ ವಿಘ್ನನೆಂಬ ಭಾರತೀಯ ಭಿಕ್ಷು ಧರ್ಮಪದದ ಗಾಥೆಗಳನ್ನು ಹೊತ್ತು ವೂಛಾಂಗ್ ಪಟ್ಟಣಕ್ಕೆ ಬಂದ. ಅವನ ಜೊತೆಗಾರ ಅನುವಾದ ಮಾಡಿದ; ಆದರೆ ಅವನಿಗೆ ಚೀನೀ ಅಷ್ಟಾಗಿ ಪಳಗಿರಲಿಲ್ಲ. ನುಡಿ ಒರಟಾಗಿದೆ, ಹದವಿಲ್ಲ ಎಂದು ಆಕ್ಷೇಪಿಸಿದವನು ಝಿ ಛಿಯೆನ್ ಎಂದೇ ಪರಂಪರೆ ಹೇಳುತ್ತದೆ. ಆ ಚೀನೀ ಧರ್ಮಪದದ ಮುನ್ನುಡಿಯಲ್ಲಿ ಈ ಪ್ರಸಂಗ ದಾಖಲಾಗಿದೆ. ಬುದ್ಧನ ಮಾತಿಗೆ ಅರ್ಥ ಮುಖ್ಯ, ಅಲಂಕಾರವಲ್ಲ. ತಿಳಿಯುವಂತಿದ್ದು ಅರ್ಥ ಕೆಡದಿದ್ದರೆ ಸಾಕು ಎಂದು ವಿಘ್ನ ಉತ್ತರ ಕೊಟ್ಟ. ಸೇರಿದ್ದವರು ಲಾವೋತ್ಸುವಿನ ಮಾತನ್ನೇ ಎತ್ತಿ ವಿಘ್ನನ ಪರ ನಿಂತರು. ಚೆಂದದ ಮಾತಿನ ಮೇಲೆ ಸಂಶಯಪಡುವುದು ಆ ನೆಲಕ್ಕೂ ಹೊಸದಲ್ಲ. ವಾದದಲ್ಲಿ ಸೋತ ಝಿ ಛಿಯೆನ್ ಕೆಲಸ ಬಿಡಲಿಲ್ಲ. ಅನುವಾದವನ್ನು ಮತ್ತೆ ತಿದ್ದಿ, ಹೆಚ್ಚಿನ ಗಾಥೆ ಸೇರಿಸಿ ಮುಗಿಸಿದ. ಬುದ್ಧಸ್ತುತಿಯ ಪಠಣಗೀತೆಗಳನ್ನೂ ಅವನು ರಚಿಸಿದನೆಂದು ಭಿಕ್ಷುಚರಿತ್ರೆಗಳು ಹೇಳುತ್ತವೆ. ಅರ್ಥವೊಂದೇ ಸಾಕೆಂದು ನಾಲಿಗೆ ಒಪ್ಪಿದರೂ ಕಿವಿ ಒಪ್ಪುವುದಿಲ್ಲ ಎಂಬುದಕ್ಕೆ ಅವನ ಬದುಕೇ ಸಾಕ್ಷಿ.

ಒಂದೂವರೆ ಶತಮಾನದ ಮೇಲೆ ಬಂದ ಕುಮಾರಜೀವನಿಗೆ ಈ ಸಂಕಟ ಇನ್ನೂ ಆಳವಾಗಿ ತಟ್ಟಿತು. 406ರಲ್ಲಿ 'ವಿಮಲಕೀರ್ತಿ ನಿರ್ದೇಶ'ವನ್ನು ಚೀನಿಗೆ ತಂದ ಈ ಮಹಾ ಅನುವಾದಕ ತನ್ನ ಶಿಷ್ಯನಿಗೆ ಹೇಳಿದ ಮಾತು ಪ್ರಸಿದ್ಧ. ಭಾರತದಲ್ಲಿ ಸ್ತುತಿಯೆಂದರೆ ವೀಣೆಗೆ ಹೊಂದುವಂಥ ಪದ್ಯ. ರಾಜನನ್ನು ಕಂಡಾಗಲೂ ಬುದ್ಧನನ್ನು ಕಂಡಾಗಲೂ ಹಾಡಿ ಕೊಂಡಾಡುತ್ತಾರೆ. ಚೀನಿಗೆ ತಿರುಗಿಸಿದರೆ ತಾತ್ಪರ್ಯ ಬರುತ್ತದೆ, ರುಚಿ ಹೋಗುತ್ತದೆ ಎಂದ ಅವನು, ಅಗಿದ ಅನ್ನವನ್ನು ಇನ್ನೊಬ್ಬರ ಬಾಯಿಗಿಟ್ಟರೆ ವಾಕರಿಕೆ ಬರುವುದನ್ನು ನೆನಪಿಸಿದ. ಅವನ ಅನುವಾದಗಳನ್ನೇ ಚೀನೀಯರು ಇಂದಿಗೂ ಅತಿ ಹೆಚ್ಚು ಪಠಿಸುತ್ತಾರೆ ಎಂಬುದನ್ನು ಆ ಮಾತಿನ ಪಕ್ಕದಲ್ಲೇ ಇಟ್ಟು ನೋಡಬೇಕು.

ಇಲ್ಲಿಂದ ಮುಂದೆ ಕಥೆ ಯಾರೂ ಎಣಿಸದ ತಿರುವು ತೆಗೆದುಕೊಳ್ಳುತ್ತದೆ. ಭಾರತದ ಪದ್ಯದಿಂದ ಚೀನೀ ಅನುವಾದಕ್ಕೆ ದಾಟದೆ ಉಳಿದದ್ದು ಧ್ವನಿಯ ಶಾಸ್ತ್ರ. ಆದರೆ ಸಂಸ್ಕೃತ ಪಠಣವನ್ನು ಕೇಳಿ ಕೇಳಿ ಚೀನೀಯರ ಕಿವಿ ತಮ್ಮದೇ ಭಾಷೆಯ ಕಡೆ ತಿರುಗಿತು. ಷಿಯೆ ಲಿಂಗ್‌ಯುನ್ ಎಂಬ ದೊಡ್ಡ ಕವಿ ಭಿಕ್ಷುವೊಬ್ಬನಿಂದ ಸಂಸ್ಕೃತದ ವರ್ಣಮಾಲೆ ಕಲಿತ. 489ರಲ್ಲಿ ರಾಜಕುಮಾರ ಷಿಯಾವೊ ಜಿಲಿಯಾಂಗ್ ರಾಜಧಾನಿಯಲ್ಲಿ ಪಠಣ ಬಲ್ಲ ಭಿಕ್ಷುಗಳನ್ನು ಕೂಡಿಸಿ ಸೂತ್ರಪಠಣಕ್ಕೆ ಹೊಸ ಧಾಟಿ ಹಾಕಿಸಿದ. ಅವನ ಬಳಗದಲ್ಲಿದ್ದ ಷೆನ್ ಯುವೆ (441–513) ಚೀನೀ ಭಾಷೆಯ ಉಚ್ಚಾರದ ಏರಿಳಿತಗಳನ್ನು ನಾಲ್ಕು ಸ್ವರವೆಂದು ವಿಂಗಡಿಸಿ, ಪದ್ಯದಲ್ಲಿ ಅವು ಹೇಗೆ ಕೂಡಬೇಕೆಂದು ನಿಯಮ ಮಾಡಿದ. ಎಂಟು ದೋಷಗಳ ಪಟ್ಟಿ ಅವನ ಹೆಸರಿನಲ್ಲಿದೆ. ಒಂದು ಕಣಜದ ಸೊಂಟ, ಇನ್ನೊಂದು ಕೊಕ್ಕರೆಯ ಮಂಡಿ. ಐದಕ್ಷರದ ಪಾದದಲ್ಲಿ ಎರಡನೆಯದಕ್ಕೂ ಐದನೆಯದಕ್ಕೂ ಒಂದೇ ಸ್ವರ ಬಿದ್ದರೆ ಕಣಜದ ಸೊಂಟ. ದಂಡಿಯ ದಾರಿ ಹಿಡಿದು ಶ್ರೀವಿಜಯ 'ಕವಿರಾಜಮಾರ್ಗ'ದಲ್ಲಿ ದೋಷಗಳನ್ನು ವಿವರಿಸುವ ರೀತಿ ಬಲ್ಲ ಕನ್ನಡಿಗರಿಗೆ ಇದು ಪರಿಚಿತ ಮನೆಯಂತೆ ಕಾಣುತ್ತದೆ.

ಆ ಪರಿಚಯ ಬರೀ ಹೋಲಿಕೆಯೋ ನೆಂಟಸ್ತಿಕೆಯೋ? ಛೆನ್ ಯಿನ್‌ಕೆ ಎಂಬ ಚೀನೀ ಇತಿಹಾಸಕಾರ 1934ರಲ್ಲಿ, ವೇದಪಾಠದ ಮೂರು ಸ್ವರಗಳ ನೆರಳಿನಲ್ಲೇ ಚೀನೀಯರು ತಮ್ಮ ಸ್ವರಗಳನ್ನು ಎಣಿಸಿದರೆಂದು ವಾದಿಸಿದ. 1991ರಲ್ಲಿ ವಿಕ್ಟರ್ ಮೇರ್ ಮತ್ತು ತ್ಸು-ಲಿನ್ ಮೇ ಅದನ್ನು ಬೇರೆ ದಿಕ್ಕಿಗೆ ಒಯ್ದು, ಷೆನ್ ಯುವೆಯ ದೋಷಪಟ್ಟಿಗೆ ಸಂಸ್ಕೃತ ಅಲಂಕಾರಶಾಸ್ತ್ರದ ದೋಷಗಳೇ ಮಾದರಿ, ಚೀನೀ ಪದ್ಯದ ಸಮ-ವಿಷಮ ಸ್ವರಗಳ ಜೋಡಿಗೆ ಲಘು-ಗುರುಗಳೇ ಪ್ರೇರಣೆ ಎಂದರು. ಎರಡೂ ವಾದಗಳನ್ನು ಒಪ್ಪದವರಿದ್ದಾರೆ. ನಾಲ್ಕು ಸ್ವರಗಳು ಚೀನೀ ನುಡಿಯಲ್ಲಿ ಮೊದಲೇ ಇದ್ದವು, ಯಾರೂ ಹೊರಗಿನಿಂದ ತರಬೇಕಿರಲಿಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. ಆದರೆ ಇದ್ದದ್ದನ್ನು ಕೇಳಿಸಿಕೊಳ್ಳಲು ಒಂದು ಕಿವಿ ಬೇಕು. ಆ ಕಿವಿಯನ್ನು ತಿದ್ದಿದ್ದು ಬೌದ್ಧ ಪಠಣವೆಂಬ ಮಟ್ಟಿಗಾದರೂ ಈ ವಾದವನ್ನು ಒಪ್ಪಲು ಅಡ್ಡಿಯಿಲ್ಲ. ಲಿಯಾಂಗ್ ವಂಶದ ವೂ ಚಕ್ರವರ್ತಿ ದೊಡ್ಡ ಬುದ್ಧಭಕ್ತ. ಅವನೇ ಒಮ್ಮೆ ಈ ನಾಲ್ಕು ಸ್ವರಗಳೆಂದರೇನು ಎಂದು ಕೇಳಿದನಂತೆ. ಆಸ್ಥಾನದವನೊಬ್ಬ ಚಕ್ರವರ್ತಿಯನ್ನು ಹೊಗಳುವ ನಾಲ್ಕೇ ಅಕ್ಷರದ ಮಾತು ಹೇಳಿದ. ನಾಲ್ಕಕ್ಕೂ ಬೇರೆ ಬೇರೆ ಸ್ವರ, ಕ್ರಮವಾಗಿ. ಉತ್ತರ ಇಷ್ಟು ಚುರುಕಾಗಿದ್ದರೂ ಚಕ್ರವರ್ತಿ ಆ ನಿಯಮಗಳನ್ನು ಕೈಗೆತ್ತಿಕೊಳ್ಳಲಿಲ್ಲ.

ಪುಣೆಯ ಇನ್ನೊಂದು ಎಳೆ ಇಲ್ಲಿ ಸೇರುತ್ತದೆ. ಷೆನ್ ಯುವೆ ತೀರಿದ ಎರಡು ವರ್ಷಕ್ಕೆ, 515ರಲ್ಲಿ, ಅದೇ ಲಿಯಾಂಗ್ ಆಳ್ವಿಕೆಯಲ್ಲಿ, ಫೂನಾನ್ ಎಂದರೆ ಇಂದಿನ ಕಾಂಬೋಡಿಯಾ ಕಡೆಯಿಂದ ಬಂದಿದ್ದ ಸಂಘಪಾಲ 'ವಿಮುತ್ತಿಮಗ್ಗ'ವೆಂಬ ಬೌದ್ಧ ಗ್ರಂಥವನ್ನು ಚೀನಿಗೆ ತಂದ. ಮೂಲ ಕಳೆದುಹೋಯಿತು; ಇಡಿಯಾಗಿ ಉಳಿದದ್ದು ಚೀನೀ ಅನುವಾದ. ಬಾಪಟ್ ಹಾರ್ವರ್ಡಿನಲ್ಲಿ ಅದನ್ನು ಬುದ್ಧಘೋಷನ 'ವಿಸುದ್ಧಿಮಗ್ಗ'ದ ಜೊತೆ ಹೋಲಿಸಿ ಬರೆದ ಪ್ರಬಂಧ 1937ರಲ್ಲಿ ಪುಣೆಯಲ್ಲಿ ಅಚ್ಚಾಯಿತು. ಶಬ್ದವನ್ನು ಮಾತ್ರ ನಂಬಿ ಕೂತಿದ್ದರೆ ಆ ಪುಸ್ತಕ ಇಂದು ಲೋಕದಲ್ಲೇ ಇರುತ್ತಿರಲಿಲ್ಲ.

ಹಾಗಾದರೆ ದಾಟಿದ್ದು ಏನು? 'ಮಿಲಿಂದಪಞ್ಹ'ದಲ್ಲಿ ರಾಜ ಮಿಲಿಂದ ನಾಗಸೇನನನ್ನು ಇದೇ ಧಾಟಿಯಲ್ಲಿ ಕೇಳುತ್ತಾನೆ: ಈ ದೇಹದಿಂದ ಆ ದೇಹಕ್ಕೆ ಏನೂ ದಾಟುವುದಿಲ್ಲವೆಂದ ಮೇಲೆ ಮರುಹುಟ್ಟು ಹೇಗೆ? ನಾಗಸೇನ ಕೊಡುವ ದೃಷ್ಟಾಂತಗಳಲ್ಲಿ ಒಂದು ದೀಪದ್ದು. ಅದು ಎಲ್ಲರಿಗೂ ಗೊತ್ತು. ಇನ್ನೊಂದನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ಬಾಲ್ಯದಲ್ಲಿ ಗುರುವಿನಿಂದ ಒಂದು ಶ್ಲೋಕ ಕಲಿತೆಯಲ್ಲ, ಆ ಶ್ಲೋಕ ಗುರುವನ್ನು ಬಿಟ್ಟು ನಿನ್ನ ಬಳಿಗೆ ಬಂತೇ ಎಂದು ಅವನು ಮರುಪ್ರಶ್ನೆ ಹಾಕುತ್ತಾನೆ. ಇಲ್ಲ ಎನ್ನುತ್ತಾನೆ ರಾಜ. ಬೌದ್ಧ ದರ್ಶನದ ನಟ್ಟನಡುವಿನ ತೊಡಕನ್ನು ಬಿಡಿಸಲು ನಾಗಸೇನನಿಗೆ ಒದಗಿದ್ದು ಪದ್ಯ. ಆತ್ಮವೆಂಬ ಗಟ್ಟಿ ವಸ್ತುವೊಂದು ಊರಿಂದೂರಿಗೆ ಹೋಗುವುದಿಲ್ಲ. ಆದರೂ ಹಿಂದಿನದಕ್ಕೂ ಮುಂದಿನದಕ್ಕೂ ಕಾರ್ಯಕಾರಣದ ನಂಟಿದೆ. ಅನುವಾದವನ್ನು ಹೀಗೆ ನೋಡಿದರೆ ಕುಮಾರಜೀವನ ಅಳಲು ಮಾಯವಾಗುವುದಿಲ್ಲ, ಆದರೆ ಅದರ ಜಾಗ ಬದಲಾಗುತ್ತದೆ. ಪಾಳಿಯ ಎಂಟಕ್ಷರ ಚೀನಿಯಲ್ಲಿ ಸತ್ತಿತು. ಅದರಿಂದ ಝಿ ಛಿಯೆನ್‌ನ ನಾಲ್ಕಕ್ಷರ ಹುಟ್ಟಿತು. ಸಂಸ್ಕೃತದ ನಾದ ಅನುವಾದದಲ್ಲಿ ಸತ್ತಿತು. ಅದರ ಕಾರಣದಿಂದಲೋ ಏನೋ, ಷೆನ್ ಯುವೆ ನಿಯಮ ಮಾಡಿದ ಸುಮಾರು ಎರಡು ಶತಮಾನದ ಮೇಲೆ ತಾಂಗ್ ಕವಿಗಳ ಕೈಯಲ್ಲಿ ಜಗತ್ತಿನ ಅತಿ ಬಿಗಿಯಾದ ಪದ್ಯರೂಪವೊಂದು ಹುಟ್ಟಿತು.

ಆ ರೂಪದ ಹೆಸರು ಲ್ಯೂಷಿ. ಎಂಟು ಪಾದ; ಪಾದಕ್ಕೆ ಐದು ಇಲ್ಲವೇ ಏಳು ಅಕ್ಷರ; ಹಾಗಾಗಿ ಇಡೀ ಪದ್ಯ ನಲವತ್ತು ಇಲ್ಲವೇ ಐವತ್ತಾರು ಅಕ್ಷರದಲ್ಲಿ ಮುಗಿಯಬೇಕು. ಇದರ ಅರ್ಧದಷ್ಟಿರುವುದು ಜುವೆಜು: ನಾಲ್ಕು ಪಾದ, ಇಪ್ಪತ್ತು ಇಲ್ಲವೇ ಇಪ್ಪತ್ತೆಂಟು ಅಕ್ಷರ. ಸಮಪಾದಗಳ ಕೊನೆಯಲ್ಲಿ ಪ್ರಾಸ. ನಾಲ್ಕು ಸ್ವರಗಳನ್ನು ಸಮ, ವಿಷಮ ಎಂದು ಎರಡು ಗುಂಪು ಮಾಡಿ, ಒಂದು ಪಾದದಲ್ಲಿ ಸಮವಿದ್ದ ಮುಖ್ಯ ಜಾಗದಲ್ಲಿ ಅದರ ಜೋಡಿಪಾದದಲ್ಲಿ ವಿಷಮ ಬರಬೇಕು. ಇಂದಿನ ಬೀಜಿಂಗಿನ ನುಡಿಯಲ್ಲಿ ನಾಲ್ಕರಲ್ಲಿ ಒಂದು ಸ್ವರ ಅಳಿದುಹೋಗಿದೆ. ತಾಂಗ್ ಪದ್ಯದ ಹಳೆಯ ಏರಿಳಿತ ಕ್ಯಾಂಟನೀಸಿನಂಥ ದಕ್ಷಿಣದ ನುಡಿಗಳಲ್ಲಿ ಚೆನ್ನಾಗಿ ಕೇಳುತ್ತದೆ.

ಲ್ಯೂಷಿಯ ಜೀವ ಇರುವುದು ನಡುವಿನ ಎರಡು ಜೋಡಿಗಳಲ್ಲಿ. ಮೂರು-ನಾಲ್ಕನೆಯ ಪಾದ, ಐದು-ಆರನೆಯ ಪಾದ ಪದಕ್ಕೆ ಪದ ಎದುರುಬದುರಾಗಿ ನಿಲ್ಲಬೇಕು. ನಾಮಪದಕ್ಕೆ ನಾಮಪದ, ಬಣ್ಣಕ್ಕೆ ಬಣ್ಣ, ಎಣಿಕೆಗೆ ಎಣಿಕೆ. ಕನ್ನಡದಲ್ಲಿ ಪುಣೆಯದೇ ಮಾತಿನಿಂದ ಒಂದು ಮಾದರಿ ಕಟ್ಟಬಹುದು: ಸಿಂಹಗಡದ ಮೇಲೆ ಹಳೆ ಕಲ್ಲು ನಿಂತಿದೆ, ಮುಠೆಯ ಕೆಳಗೆ ಹೊಸ ನೀರು ಹರಿದಿದೆ. ಬೆಟ್ಟಕ್ಕೆ ಹೊಳೆ, ಮೇಲಿಗೆ ಕೆಳಗು, ಹಳತಿಗೆ ಹೊಸತು, ಕಲ್ಲಿಗೆ ನೀರು, ನಿಲುವಿಗೆ ಹರಿವು. ಎರಡು ಸಾಲುಗಳ ನಡುವೆ 'ಆದರೆ' ಇಲ್ಲ, 'ಹಾಗೆಯೇ' ಇಲ್ಲ. ಅವೆರಡರ ಸಂಬಂಧವೇನೆಂದು ಕವಿ ಹೇಳುವುದಿಲ್ಲ. ಎರಡನ್ನು ಎದುರಾಗಿ ನಿಲ್ಲಿಸಿ ತಾನು ಪಕ್ಕಕ್ಕೆ ಸರಿಯುತ್ತಾನೆ.

ಇದು ಬರೀ ಕುಶಲತೆಯಲ್ಲ ಎಂದು ಅರಿಯಲು ವಾಂಗ್ ವೇಯ್ (701–761) ಕವಿಯ ಹೆಸರು ನೋಡಿದರೆ ಸಾಕು. ವೇಯ್ ಅವನ ಹುಟ್ಟುಹೆಸರು, ಮೋಜಿಯೆ ಅವನ ಗೌರವದ ಹೆಸರು. ಎರಡನ್ನೂ ಕೂಡಿಸಿದರೆ ವೇಯ್‌ಮೋಜಿಯೆ, ಅಂದರೆ ಚೀನೀ ಬಾಯಲ್ಲಿ ವಿಮಲಕೀರ್ತಿ. ಕುಮಾರಜೀವ ಚೀನಿಗೆ ತಂದ ಆ 'ವಿಮಲಕೀರ್ತಿ ನಿರ್ದೇಶ'ದಲ್ಲಿ ಅದ್ವಯವೆಂದರೇನು ಎಂಬ ಪ್ರಶ್ನೆಗೆ ಬೋಧಿಸತ್ತ್ವರು ಒಬ್ಬೊಬ್ಬರಾಗಿ ಉತ್ತರ ಕೊಡುತ್ತಾರೆ. ಪ್ರತಿಯೊಬ್ಬನೂ ಒಂದು ಜೋಡಿಯನ್ನು ಎತ್ತುತ್ತಾನೆ: ಹುಟ್ಟು-ಅಳಿವು, ಶುದ್ಧ-ಮಲಿನ, ಸಂಸಾರ-ನಿರ್ವಾಣ. ಕೊನೆಗೆ ವಿಮಲಕೀರ್ತಿಯ ಸರದಿ ಬಂದಾಗ ಅವನು ಮಾತೇ ಆಡುವುದಿಲ್ಲ. ಲ್ಯೂಷಿಯ ನಡಿಗೆಯೂ ಹೀಗೇ: ನಡುವೆ ಜೋಡಿಗಳು, ಕೊನೆಯ ಎರಡು ಪಾದಗಳಲ್ಲಿ ಜೋಡಿಯ ಕಟ್ಟು ಬಿಚ್ಚಿಕೊಳ್ಳುತ್ತದೆ. ವಾಂಗ್ ವೇಯ್ ತನ್ನ ವಾಂಗ್‌ಛುವಾನ್ ತೋಟದ ಮೇಲೆ ಬರೆದ ಇಪ್ಪತ್ತು ಪದ್ಯಗಳು ತಲಾ ಇಪ್ಪತ್ತೇ ಅಕ್ಷರದವು; ಜೊತೆಗೆ ಗೆಳೆಯ ಪೇಯ್ ದಿ ಬರೆದ ಇಪ್ಪತ್ತು. ಅವುಗಳಲ್ಲಿ ಬುದ್ಧನ ಹೆಸರಿಲ್ಲ, ಉಪದೇಶವಿಲ್ಲ. ಜಿಂಕೆಯ ಬೇಲಿಯ ಹೆಸರಿನ ಒಂದು ಪದ್ಯದಲ್ಲಿ ಕೆಲವರು ಸಾರನಾಥದ ಮೃಗದಾವವನ್ನು ಕಾಣುತ್ತಾರೆ, ಅಷ್ಟೇ. ಅಟ್ಠಕವಗ್ಗದ ಮುನಿ ಯಾವ ಮತವನ್ನೂ ಹಿಡಿಯುವುದಿಲ್ಲ ಎಂಬ ಮಾತನ್ನು ಝಿ ಛಿಯೆನ್ ಪದಪದವಾಗಿ ಅನುವಾದಿಸಿದ. ವಾಂಗ್ ವೇಯ್ ಅದನ್ನು ಪದ್ಯದ ನಡಾವಳಿಯನ್ನಾಗಿಯೇ ಮಾಡಿದ. ಇವೆರಡರಲ್ಲಿ ಮೂಲಕ್ಕೆ ಹತ್ತಿರವಾದದ್ದು ಯಾವುದೆಂದು ಕೇಳಿದರೆ, ವಾಂಗ್ ವೇಯ್ ಎಂದೇ ಹೇಳಬೇಕಾಗುತ್ತದೆ.

ಎಲ್ಲವನ್ನೂ ಹೀಗೆ ಮರುಹುಟ್ಟಿಗೆ ಬಿಟ್ಟುಕೊಟ್ಟವರು ಬೌದ್ಧರು ಎಂದುಕೊಳ್ಳುವಂತಿಲ್ಲ. ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು ಹೋದ ಹ್ಯೂಯೆನ್ ತ್ಸಾಂಗ್ ಐದು ಬಗೆಯ ಪದಗಳನ್ನು ಅನುವಾದಿಸಬಾರದೆಂದು ನಿಯಮ ಮಾಡಿದನೆಂದು ಪರಂಪರೆ ಹೇಳುತ್ತದೆ. ಧಾರಣಿ ಮಂತ್ರಗಳು ಅವುಗಳಲ್ಲಿ ಒಂದು. ಅವನ 'ಪ್ರಜ್ಞಾಪಾರಮಿತಾ ಹೃದಯ'ದ ಕೊನೆಯ ಮಂತ್ರ ಚೀನೀ ಅಕ್ಷರಗಳಲ್ಲಿ ಬರೆದ ಸಂಸ್ಕೃತವೇ. ಅಲ್ಲಿ ಬೌದ್ಧನೂ ಮೀಮಾಂಸಕನೂ ಒಂದೇ ಚಾಪೆಯ ಮೇಲೆ ಕೂತಿದ್ದಾರೆ.

ಇನ್ನೊಂದು ಕಳವಳ ಧರ್ಮನಿಷ್ಠ ಕವಿಗಳನ್ನು ಕಾಡಿತು. ಹತ್ತು ಅಕುಶಲ ಕರ್ಮಗಳಲ್ಲಿ ಹುರುಳಿಲ್ಲದ ಮಾತೂ ಒಂದು. ಚೀನೀ ಅನುವಾದದಲ್ಲಿ ಅದು ಬಣ್ಣ ಕಟ್ಟಿದ ಮಾತು ಎಂದಾಯಿತು. ಹಾಗಾದರೆ ಕಾವ್ಯವೇ ಪಾಪವಲ್ಲವೇ? ತಾಂಗ್ ಕವಿ ಬಾಯ್ ಜ್ಯೂಯಿ (772–846) ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. 840ರಲ್ಲಿ ತನ್ನ ಪದ್ಯಗಳನ್ನು ಲುವೊಯಾಂಗಿನ ಷಿಯಾಂಗ್‌ಷಾನ್ ವಿಹಾರಕ್ಕೆ ಒಪ್ಪಿಸಿ, ಈ ಜನ್ಮದ ಈ ಹುಚ್ಚುಮಾತುಗಳೇ ಮುಂದಿನ ಜನ್ಮಗಳಲ್ಲಿ ಬುದ್ಧಸ್ತುತಿಗೆ ಕಾರಣವಾಗಲೆಂದು ಹರಸಿಕೊಂಡ. ಭಾರತದಲ್ಲಿ ವಿದ್ಯಾಕರನೆಂಬ ಬೌದ್ಧ ಪಂಡಿತ ಸುಮಾರು 1100ರಲ್ಲಿ 'ಸುಭಾಷಿತರತ್ನಕೋಶ'ವನ್ನು ಕೂಡಿಸಿದಾಗ ಅಂಥ ಅಳುಕು ಕಾಣುವುದಿಲ್ಲ. ಬುದ್ಧನಿಂದ ಶುರುವಾಗಿ, ಶಿವ, ವಿಷ್ಣು, ಋತುಗಳು, ಬೇಟ, ಬಡತನ ಎಲ್ಲವೂ ಅಲ್ಲಿವೆ, 1738 ಪದ್ಯಗಳು. ಅದನ್ನು ಸಂಪಾದಿಸಿ 1957ರಲ್ಲಿ ಹಾರ್ವರ್ಡ್ ಗ್ರಂಥಮಾಲೆಯಲ್ಲಿ ಹೊರತಂದವರು ಪುಣೆಯ ಇಬ್ಬರು: ಧರ್ಮಾನಂದರ ಮಗ, ಗಣಿತಜ್ಞ ಡಿ.ಡಿ. ಕೋಸಂಬಿ ಮತ್ತು ಚೀನೀ, ಟಿಬೆಟನ್ ಬಲ್ಲ ಫರ್ಗ್ಯೂಸನ್ನಿನ ವಿ.ವಿ. ಗೋಖಲೆ.

ಕನ್ನಡ ಈ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಮತ್ತೆ ಮತ್ತೆ ಎದುರಿಸಿದೆ. ಸಂಸ್ಕೃತ ವೃತ್ತಗಳನ್ನು ತಂದುಕೊಂಡಾಗ ಯತಿಯನ್ನು ಸಡಿಲ ಬಿಟ್ಟು ಪ್ರಾಸವನ್ನು ಬಿಗಿ ಮಾಡಿಕೊಂಡಿತು. ಹನ್ನೆರಡನೆಯ ಶತಮಾನದಲ್ಲಿ ತಮಗೆ ತಾಳ ಗಣಗಳ ಲೆಕ್ಕ ತಿಳಿಯದೆಂದ ಬಸವಣ್ಣನವರು ಛಂದಸ್ಸಿಲ್ಲದೆಯೇ ನಾದ ಹುಟ್ಟಿಸಿದರು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟರು. ಅವರೇ ಮುಂದೆ ಬುದ್ಧನ ಕಡೆಯ ದಿನವನ್ನು 'ವೈಶಾಖಿ'ಯಲ್ಲಿ ಬರೆದರು.

ಬಾಪಟರ ಅರ್ಥಪದ ಸೂತ್ರವನ್ನು ಪಾಳಿಯ ಪಕ್ಕದಲ್ಲಿಟ್ಟುಕೊಂಡು ಅಟ್ಠಕವಗ್ಗವನ್ನು ಕನ್ನಡದಲ್ಲಿ ಪದ್ಯವಾಗಿ ತರಲು ಹೊರಟವರ ಮುಂದಿರುವ ಆಯ್ಕೆಯೂ ಝಿ ಛಿಯೆನ್‌ನ ಆಯ್ಕೆಯೇ. ಅನುಷ್ಟುಭನ್ನು ಅನುಷ್ಟುಭಾಗಿಯೇ ಇಟ್ಟರೆ ಲೆಕ್ಕ ಕೂಡುತ್ತದೆ, ಆದರೆ ಕನ್ನಡ ಕಿವಿಗೆ ಅದು ಸಂಸ್ಕೃತದ ಸ್ತೋತ್ರದಂತೆ ಕೇಳುತ್ತದೆ. ವಾದ ಮಾಡುವವರನ್ನು ಎದುರಿಗಿಟ್ಟುಕೊಂಡ ತ್ರಿಷ್ಟುಭದ ಸುತ್ತಗಳಿಗೆ ವಚನದ ಗದ್ಯಲಯವೇ ಲೇಸು. ಪ್ರಶ್ನೆ, ಮರುಪ್ರಶ್ನೆ, ಪಟ್ಟು ಹಿಡಿದವನ ಜಂಭ ಎಲ್ಲವನ್ನೂ ಅದು ತಾಳಿಕೊಳ್ಳುತ್ತದೆ. ಆದರೆ 'ಕಾಮಸುತ್ತ'ದ ಆರು ಗಾಥೆಗಳಿಗೆ ತ್ರಿಪದಿಯನ್ನೇ ಹಿಡಿಯಬೇಕು. ಬಯಕೆ, ಹೊಲ, ಹೊನ್ನು, ಒಡೆದ ದೋಣಿಗೆ ನುಗ್ಗುವ ನೀರು ಇವೆಲ್ಲ ತ್ರಿಪದಿ ಬೀಸುಕಲ್ಲಿನ ಮುಂದೆಯೂ ಸರ್ವಜ್ಞನ ಬಾಯಲ್ಲೂ ಪಳಗಿಸಿಕೊಂಡ ಸರಕು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು ಸುಮಾರು 700ರಲ್ಲಿ, ವಾಂಗ್ ವೇಯ್ ಹುಟ್ಟಿದ ಆಸುಪಾಸಿನಲ್ಲಿ; ಅಲ್ಲೂ ಒಂದು ಸಂಸ್ಕೃತ ಶ್ಲೋಕದ ಜೊತೆಜೊತೆಗೇ ಅದನ್ನು ಕೆತ್ತಲಾಗಿದೆ.